ಕುಸುಮ ರೋಗ, ಕುಸುಮ ಶರ

(ದಾವಣಗೆರೆಯಲ್ಲಿ ವೈದ್ಯ ವಿದ್ಯಾರ್ಥಿಗಳೂ ಸಾಹಿತ್ಯಾಸಕ್ತರೂ ಒಟ್ಟಿಗೆ ಸೇರಿದ್ದ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಸ್ನೇಹಿತರೇ,

ರಕ್ತ ಸುಲಭವಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂಬ ಕಾಯಿಲೆಗೆ ಕನ್ನಡದಲ್ಲಿ ಕುಸುಮ ರೋಗ ಎಂಬ ಹೆಸರಿದೆ. ಈ ಹೆಸರನ್ನು ನಾನು ಮೊದಲು ಕೇಳಿದ್ದು ಹೊರರೋಗಿಗಳ ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜನ ಬಾಯಲ್ಲಿ. ಮೊಮ್ಮಗನ ಊದಿದ ಮೊಣಕಾಲನ್ನು ಮುಂದಕ್ಕೆ ಚಾಚಿಸಿ "ಇವನಿಗೆ ಕುಸುಮ" ಎಂದಿದ್ದರು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಇಂಗ್ಲಿಷಿನಲ್ಲಿ ಕಲಿತ ವಿದ್ಯೆ ತಲೆಯಲ್ಲಿತ್ತು. ಕುಸುಮ ಎಂದಾಗ ಕಾಯಿಲೆ ನೆನಪಾಗಲಿಲ್ಲ, ಮನ್ಮಥ ನೆನಪಾದ. ಹಳೆಯ ಕಾವ್ಯಗಳಲ್ಲಿ ಅವನು ಕುಸುಮಶರ. ತಾವರೆ, ಅಶೋಕ, ಮಾವಿನ ಹೂವು, ಮಲ್ಲಿಗೆ, ನೆಯ್ದಿಲು, ಹೀಗೆ ಐದು ಹೂವುಗಳೇ ಅವನ ಐದು ಬಾಣಗಳು. ಹೂವು ತಗುಲಿದರೆ ಗಾಯವಾಗುವ ಮೈ ಯಾವುದು ಎಂದು ಆ ರಾತ್ರಿಯಿಡೀ ಯೋಚಿಸಿದ್ದೆ.

ಗ್ರೀಕ್ ಮೂಲದ ಹೆಸರಿನಲ್ಲೂ ಇದೇ ವಿಚಿತ್ರವಿದೆ. ಹೈಮ ಎಂದರೆ ರಕ್ತ, ಫಿಲಿಯಾ ಎಂದರೆ ಒಲವು. 1828ರಲ್ಲಿ ಫ್ರೆಡ್ರಿಕ್ ಹಾಪ್ಫ್ ಎಂಬ ಜರ್ಮನ್ ವೈದ್ಯ ತನ್ನ ಪ್ರಬಂಧದಲ್ಲಿ ಈ ಪದವನ್ನು ಬಳಸಿದ. ರಕ್ತ ಹರಿಯುವುದನ್ನು ನಿಲ್ಲಿಸದ ಕಾಯಿಲೆಗೆ ರಕ್ತದೊಲವು ಎಂಬ ಹೆಸರು ಅಂಟಿಕೊಂಡಿತು. ಭಾಷಾಂತರಿಸಿಕೊಂಡು ನೋಡಿದರೆ ವೈದ್ಯಶಾಸ್ತ್ರದ ಪದದಂತೆ ಕಾಣುವುದಿಲ್ಲ, ಯಾವುದೋ ಕಂದಪದ್ಯದ ಸಮಾಸದಂತೆ ಕಾಣುತ್ತದೆ.

ನನ್ನ ಬದುಕಿನ ಹಗಲುಗಳು ರಕ್ತದ ಕಾಯಿಲೆಗಳ ನಡುವೆ ಕಳೆದಿವೆ, ರಾತ್ರಿಗಳು ಹಳಗನ್ನಡದ ನಡುವೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಟ್ಟುಕೊಂಡೇ ಬಹಳ ವರ್ಷ ಇದ್ದೆ. ಇಂದು ಎರಡನ್ನೂ ಒಂದೇ ಮೇಜಿನ ಮೇಲೆ ಇಡುತ್ತಿದ್ದೇನೆ. ಹುಚ್ಚು ಪ್ರೀತಿ ಎಂದು ನಾವು ಸಲೀಸಾಗಿ ಕರೆಯುವ ಸ್ಥಿತಿಯ ಬಗ್ಗೆ ನನಗೆ ಹೇಳಬೇಕಾದದ್ದು ಒಂದಿದೆ, ಅದನ್ನು ನಾನು ಕಲಿತದ್ದು ವಾರ್ಡಿನಲ್ಲಿ.

ಮೊದಲು ರಕ್ತ ಹೇಗೆ ನಿಲ್ಲುತ್ತದೆ ಎಂಬುದನ್ನು ನೋಡೋಣ. ಕನ್ನಡದಲ್ಲಿ ರಕ್ತವೂ ಹೆಪ್ಪುಗಟ್ಟುತ್ತದೆ, ಹಾಲೂ ಹೆಪ್ಪುಗಟ್ಟುತ್ತದೆ. ಬೆಣ್ಣೆ ದೋಸೆಯ ಊರಿನವರಿಗೆ ಹೆಪ್ಪು ಎಂದರೇನೆಂದು ವಿವರಿಸಬೇಕಾಗಿಲ್ಲ. ಹದವಾದ ಬಿಸಿ, ಹದವಾದ ಹೊತ್ತು, ಒಂದು ಹನಿ ಮಜ್ಜಿಗೆ. ಬೆಳಗಾಗುವಷ್ಟರಲ್ಲಿ ಹರಿಯುತ್ತಿದ್ದದ್ದು ನಿಂತಿರುತ್ತದೆ. ರಕ್ತದಲ್ಲಿ ಈ ಕೆಲಸವನ್ನು ಹತ್ತಾರು ಪ್ರೋಟೀನುಗಳು ಸರಪಳಿಯಾಗಿ ಮಾಡುತ್ತವೆ. ಅವುಗಳಿಗೆ ನಾವು ರೋಮನ್ ಸಂಖ್ಯೆಗಳನ್ನು ಕೊಟ್ಟಿದ್ದೇವೆ. ಒಂದು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು, ಕೊನೆಗೆ ಫೈಬ್ರಿನ್ ಎಂಬ ನೂಲಿನ ಬಲೆ ನೇಯಲ್ಪಡುತ್ತದೆ. ಈ ಸರಪಳಿಯಲ್ಲಿ ಒಂಬತ್ತನೆಯದು ಹತ್ತನೆಯದನ್ನು ಎಬ್ಬಿಸಬೇಕು. ಇಬ್ಬರೂ ಪಕ್ಕದಲ್ಲೇ ತೇಲುತ್ತಿದ್ದರೂ ತಾವಾಗಿ ಸೇರುವುದು ಬಹಳ ಕಡಿಮೆ. ಅವರನ್ನು ಸರಿಯಾದ ಭಂಗಿಯಲ್ಲಿ ಎದುರುಬದುರು ನಿಲ್ಲಿಸುವುದು ಎಂಟನೆಯದು. ಶೃಂಗಾರ ಕಾವ್ಯದ ದೂತಿಯ ಕೆಲಸ ಅದು. ಆ ದೂತಿ ಇಲ್ಲದಿದ್ದರೆ ಹಿಮೋಫಿಲಿಯಾ ಎ. ಒಂಬತ್ತನೆಯದೇ ಇಲ್ಲದಿದ್ದರೆ ಹಿಮೋಫಿಲಿಯಾ ಬಿ. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬನಿಗೆ ಮೊದಲನೆಯದು, ಸುಮಾರು 25,000ದಿಂದ 30,000ಕ್ಕೆ ಒಬ್ಬನಿಗೆ ಎರಡನೆಯದು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಮಿಸಿಜುಮ್ಯಾಬ್ ಎಂಬ ಔಷಧ ಎಂಟನೆಯದರ ತದ್ರೂಪವಲ್ಲ. ಒಂದು ಕೈಯಲ್ಲಿ ಒಂಬತ್ತನೆಯದನ್ನೂ ಇನ್ನೊಂದು ಕೈಯಲ್ಲಿ ಹತ್ತನೆಯದನ್ನೂ ಹಿಡಿದು ಹತ್ತಿರ ತರುವ ಬೇರೆಯದೇ ಪ್ರೋಟೀನು ಅದು. ಬೇರೆ ಊರಿನಿಂದ ಕರೆಸಿಕೊಂಡ ದೂತಿ. ಅದರ ಬಗ್ಗೆ ಮೊದಲ ಸಲ ಓದಿದ ದಿನ ನನಗೆ ಒಳ್ಳೆಯ ಕಾವ್ಯ ಓದಿದಷ್ಟೇ ಸಂತೋಷವಾಗಿತ್ತು.

ಈ ರೋಗದ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬೆರಳು ಕೊಯ್ದುಕೊಂಡರೆ ಹುಡುಗ ರಕ್ತ ಸುರಿದು ಸತ್ತೇಹೋಗುತ್ತಾನೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಇವರ ರಕ್ತ ನಮ್ಮ ರಕ್ತಕ್ಕಿಂತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ, ಅಷ್ಟೆ. ಸಣ್ಣಪುಟ್ಟ ಗಾಯಗಳನ್ನು ಒತ್ತಿ ಹಿಡಿದರೆ ನಿಲ್ಲಿಸಬಹುದು. ನಿಜವಾದ ಹಾನಿ ಕಣ್ಣಿಗೆ ಕಾಣದ ಕಡೆ ಆಗುತ್ತದೆ. ಮೊಣಕಾಲು, ಮೊಣಕೈ, ಹರಡು, ಈ ಕೀಲುಗಳ ಒಳಗೆ. ಮಗು ಏನೂ ಮಾಡಿರುವುದಿಲ್ಲ. ರಾತ್ರಿ ಮಲಗಿದ್ದಾಗ ಕೀಲಿನೊಳಗೆ ರಕ್ತ ಜಿನುಗಲು ತೊಡಗುತ್ತದೆ. ಬಹಳ ಮಂದಿ ರೋಗಿಗಳಿಗೆ ಊತ ಬರುವ ಮೊದಲೇ ಗೊತ್ತಾಗುತ್ತದೆ, ಒಳಗೆ ಏನೋ ಜುಮ್ಮೆನ್ನುತ್ತದೆ, ಬೆಚ್ಚಗಾಗುತ್ತದೆ ಎನ್ನುತ್ತಾರೆ.

ಇಲ್ಲಿಂದ ಮುಂದಿನದು ನನ್ನ ಮಾತಿನ ತಿರುಳು. ಒಮ್ಮೆ ರಕ್ತ ಜಿನುಗಿದ ಕೀಲಿನ ಒಳಪದರ ಸುಮ್ಮನಿರುವುದಿಲ್ಲ. ಆ ರಕ್ತವನ್ನು ಹೀರಿಕೊಳ್ಳುವ ಪ್ರಯತ್ನದಲ್ಲಿ ಅದು ಊದಿಕೊಳ್ಳುತ್ತದೆ, ದಪ್ಪವಾಗುತ್ತದೆ, ತನ್ನೊಳಗೆ ಹೊಸ ಹೊಸ ಸೂಕ್ಷ್ಮ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಹೊಸ ನಾಳಗಳು ಬಹಳ ನಾಜೂಕು, ಬೇಗ ಒಡೆಯುತ್ತವೆ. ಹಾಗಾಗಿ ಮುಂದಿನ ರಕ್ತಸ್ರಾವವೂ ಅದೇ ಕೀಲಿನಲ್ಲಿ, ಅದರ ಮುಂದಿನದೂ ಅಲ್ಲೇ. ಆರು ತಿಂಗಳಲ್ಲಿ ಒಂದೇ ಕೀಲಿನಲ್ಲಿ ಮೂರು ಅಥವಾ ಹೆಚ್ಚು ಸಲ ತಾನಾಗಿ ರಕ್ತ ಜಿನುಗಿದರೆ ಅದಕ್ಕೆ ನಾವು ಟಾರ್ಗೆಟ್ ಜಾಯಿಂಟ್ ಎನ್ನುತ್ತೇವೆ. ಗುರಿಕೀಲು ಎಂದು ಕರೆಯೋಣ. ರಕ್ತ ಇಡೀ ಮೈಯಲ್ಲಿ ಹರಿಯುತ್ತಿರುತ್ತದೆ, ಆದರೆ ಸೋರುವುದಕ್ಕೆ ಅದಕ್ಕೆ ಒಂದೇ ಮನೆ. ಸೋರಿದಷ್ಟೂ ಆ ಮನೆ ಸೋರಿಕೆಗೆ ಹದವಾಗುತ್ತಾ ಹೋಗುತ್ತದೆ.

ಒಬ್ಬರನ್ನೇ ಧ್ಯಾನಿಸುತ್ತಾ ಕುಳಿತ ಮನಸ್ಸಿಗೆ ಇದಕ್ಕಿಂತ ನಿಖರವಾದ ಚಿತ್ರವನ್ನು ನಾನು ಯಾವ ಕಾವ್ಯದಲ್ಲೂ ಓದಿಲ್ಲ. ನಮ್ಮ ಅಲಂಕಾರ ಶಾಸ್ತ್ರದವರು ವಿರಹಕ್ಕೆ ಹತ್ತು ಅವಸ್ಥೆಗಳನ್ನು ಹೇಳಿದರು. ಅಭಿಲಾಷೆಯಿಂದ ಆರಂಭ, ಚಿಂತೆ, ಸ್ಮೃತಿ, ಗುಣಕಥನ, ಉದ್ವೇಗ, ಪ್ರಲಾಪ, ಉನ್ಮಾದ, ಅದಾದ ಮೇಲೆ ವ್ಯಾಧಿ, ಜಡತೆ, ಮರಣ. ಎಂಟನೆಯದಕ್ಕೆ ಅವರು ಸೀದಾ ವ್ಯಾಧಿ ಎಂದೇ ಹೆಸರಿಟ್ಟರು. ವೈದ್ಯನಾಗಿ ನನಗೆ ಈ ಪಟ್ಟಿಯಲ್ಲಿ ಎದ್ದು ಕಾಣುವುದು ವ್ಯಾಧಿಯಲ್ಲ, ಮೂರನೆಯದಾದ ಸ್ಮೃತಿ. ನೆನಪು ಗಾಯವನ್ನು ತೊಳೆಯುತ್ತೇನೆ ಎಂದುಕೊಂಡು ಹೋಗುತ್ತದೆ. ಹೋದ ಕಡೆಯಲ್ಲೆಲ್ಲ ಹೊಸ ನಾಳಗಳು ಹುಟ್ಟುತ್ತವೆ. ಮೊದಲ ಸಲ ಪ್ರೀತಿಸಿದವಳ ಮಾತು ನೋಯಿಸಿತ್ತು. ಹತ್ತನೆಯ ಸಲಕ್ಕೆ ಅವಳ ಬೀದಿಯ ಹೆಸರು ಕೇಳಿದರೆ ಸಾಕು. ಈ ವಿದ್ಯಮಾನವನ್ನು ಪ್ರೀತಿಯ ಆಳ ಎಂದು ಕರೆಯುವುದು ನಮ್ಮ ಹಾಡುಗಳಿಗೆ ರೂಢಿಯಾಗಿದೆ. ಗುರಿಕೀಲನ್ನು ನೋಡಿದವನಿಗೆ ಅದು ಆಳ ಎನಿಸುವುದಿಲ್ಲ, ಊತ ಎನಿಸುತ್ತದೆ.

ಜಗಳೂರಿನ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗನ ತಾಯಿಯ ಬಗ್ಗೆ ಹೇಳಬೇಕು. ಮಗನನ್ನು ಆಕೆ ಶಾಲೆಯ ಅಂಗಳಕ್ಕೂ ಬಿಡುತ್ತಿರಲಿಲ್ಲ. ಹಾಸಿಗೆಯ ಸುತ್ತ ದಿಂಬು ಜೋಡಿಸಿ ಮಲಗಿಸುತ್ತಿದ್ದರು, ರಾತ್ರಿ ಎರಡು ಸಲ ಎದ್ದು ಮೊಣಕಾಲು ಮುಟ್ಟಿ ಬಿಸಿಯಾಗಿದೆಯೇ ಎಂದು ನೋಡುತ್ತಿದ್ದರು. ಆ ಕೈಯ ಬಗ್ಗೆ ಕಾವ್ಯ ಬರೆಯಬೇಕು ಎನಿಸುತ್ತದೆ. ಆದರೆ ಹುಡುಗನ ತೊಡೆಯ ಸ್ನಾಯು ಬಡಕಲಾಗಿ ಹೋಗಿತ್ತು, ಸ್ನಾಯು ಸೋತ ಕೀಲು ಇನ್ನಷ್ಟು ಬೇಗ ಸೋರುತ್ತದೆ. ಈಜು, ನಡಿಗೆ, ಹದವಾದ ವ್ಯಾಯಾಮ ಇವರಿಗೆ ಔಷಧದಷ್ಟೇ ಮುಖ್ಯ. ಕಾಪಾಡಬೇಕೆಂಬ ಕೈಯೇ ಕಾಲನ್ನು ಒಣಗಿಸಿತ್ತು. ಅದನ್ನು ಆ ತಾಯಿಗೆ ನೋಯದಂತೆ ಹೇಳುವುದಕ್ಕೆ ನನಗೆ ಬಹಳ ದಿನ ಬೇಕಾಯಿತು. ಈ ಊರಿನ ಪುಣ್ಯವೆಂದರೆ, ಅಂಥ ತಾಯಂದಿರನ್ನು ಕೂರಿಸಿಕೊಂಡು ಮಾತನಾಡುವ ಜನ ಇಲ್ಲಿದ್ದಾರೆ. ಸ್ವತಃ ಈ ರೋಗದೊಂದಿಗೆ ಹುಟ್ಟಿ ವೈದ್ಯರಾದ ಡಾ. ಸುರೇಶ್ ಹನಗವಾಡಿ ಅವರು ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಮೂಲಕ ಮಾಡಿರುವ ಕೆಲಸ ನಿಮ್ಮೆಲ್ಲರಿಗೂ ಗೊತ್ತು.

ಈಗ ಹಳಗನ್ನಡದ ಕವಿ ಜನ್ನನ ಹತ್ತಿರ ಬರೋಣ. 1209ರಲ್ಲಿ ಅವನು ಬರೆದ ಯಶೋಧರ ಚರಿತೆಯ ರಾಣಿ ಅಮೃತಮತಿ ಕನ್ನಡ ಕಾವ್ಯದ ಅತಿ ದೊಡ್ಡ ಗುರಿಕೀಲು. ರಾತ್ರಿ ಆನೆಯ ಲಾಯದ ಕಡೆಯಿಂದ ಒಂದು ಹಾಡು ಕೇಳಿಸುತ್ತದೆ. ರಾಣಿ ಹಾಡಿದವನನ್ನು ನೋಡಿಯೇ ಇಲ್ಲ, ಅಷ್ಟರಲ್ಲೇ ಮನಸ್ಸು ಕೊಟ್ಟಾಗಿದೆ. ಯಾರೆಂದು ನೋಡಿ ಬರಲು ಸಖಿಯನ್ನು ಕಳಿಸುತ್ತಾಳೆ. ನಾನು ಮೊದಲು ಹೇಳಿದ ದೂತಿ ಇಬ್ಬರನ್ನು ಸೇರಿಸುವವಳು; ಜನ್ನನ ಸಖಿ ಬಿಡಿಸಲು ನೋಡುತ್ತಾಳೆ. ಅವನು ಅಷ್ಟವಂಕ, ಮಾವುತ, ನೋಡಲಾಗದಷ್ಟು ವಿಕಾರ ಎಂದು ಬಿಡಿಸಿ ಬಿಡಿಸಿ ಹೇಳುತ್ತಾಳೆ. ಆ ವರ್ಣನೆಯಿಂದ ಹೆಪ್ಪು ಕಟ್ಟಬೇಕಿತ್ತು, ಇನ್ನಷ್ಟು ಹರಿಯಿತು. ಒಲವಾದ ಮೇಲೆ ರೂಪದ ಮಾತೇಕೆ ಎಂಬ ಅರ್ಥದಲ್ಲಿ ರಾಣಿ ಅವಳ ಬಾಯಿ ಮುಚ್ಚಿಸುತ್ತಾಳೆ.

ಮುಂದೆ ಒಂದು ರಾತ್ರಿ ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುತ್ತಾನೆ. ಅವಳು ಅವನ ಕಾಲು ಹಿಡಿಯುತ್ತಾಳೆ. ಗಂಡ ಯಶೋಧರ ಕತ್ತಿ ಹಿಡಿದು ಮರೆಯಲ್ಲಿ ನಿಂತು ನೋಡುತ್ತಿದ್ದಾನೆ, ಕೊಲ್ಲದೆ ಹಿಂದಿರುಗುತ್ತಾನೆ. ಮರುದಿನ ಸರಸವೆಂಬಂತೆ ಅವಳನ್ನು ಒಂದು ನೆಯ್ದಿಲ ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದಂತೆ ಬೀಳುತ್ತಾಳೆ! ಮಾವುತನ ಪೆಟ್ಟುಗಳನ್ನೆಲ್ಲ ತಿಂದ ಮೈ ಒಂದು ಹೂವಿನ ಪೆಟ್ಟಿಗೆ ಬಿದ್ದುಹೋಗುತ್ತದೆ. ನೆಯ್ದಿಲು ಮನ್ಮಥನ ಐದು ಬಾಣಗಳಲ್ಲಿ ಒಂದು ಎಂಬುದು ಜನ್ನನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆ ಬಾಣ ಈಗ ಗಂಡನ ಕೈಯಲ್ಲಿದೆ, ಅದರಲ್ಲಿ ಕಾಮವಿಲ್ಲ, ತಿಳಿದುಕೊಂಡಿದ್ದೇನೆ ಎಂಬ ಸೂಚನೆ ಮಾತ್ರ ಇದೆ. ಮೂವತ್ತು ಸಲವಾದರೂ ಆ ಭಾಗ ಓದಿದ್ದೇನೆ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಕೊನೆಗೆ ಅವಳು ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ.

ಜನ್ನ ಈ ವಿಷಯವನ್ನು ಅಲ್ಲಿಗೆ ಬಿಡಲಿಲ್ಲ. ಅನಂತನಾಥ ಪುರಾಣದಲ್ಲಿ ಚಂಡಶಾಸನನ ಕಥೆ ಬರುತ್ತದೆ. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದವನು ಗೆಳೆಯನ ಹೆಂಡತಿ ಸುನಂದೆಯನ್ನು ಕಂಡು ಮರುಳಾಗುತ್ತಾನೆ, ಅಪಹರಿಸುತ್ತಾನೆ. ಅವಳು ಒಪ್ಪುವುದಿಲ್ಲ. ಬೇಡಿಕೊಳ್ಳುತ್ತಾನೆ, ಬೆದರಿಸುತ್ತಾನೆ. ಕೊನೆಗೆ ಅವಳ ಗಂಡನದೆಂದು ನಂಬಿಸಿ ಒಂದು ಕಡಿದ ತಲೆಯನ್ನು ಅವಳ ಮುಂದೆ ಇಡಿಸುತ್ತಾನೆ. ಅವಳು ಅಲ್ಲೇ ಪ್ರಾಣ ಬಿಡುತ್ತಾಳೆ. ಅವನು ಅವಳ ಚಿತೆಗೆ ತಾನೂ ಹಾರುತ್ತಾನೆ. ಚಂಡಶಾಸನನ ಸಾವನ್ನು ಮಹಾಪ್ರೇಮಿಯ ಸಾವು ಎಂದು ಮೆಚ್ಚುವ ಓದು ನಮ್ಮಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಬೇಡ ಎಂದವಳ ಮುಂದೆ ರಕ್ತ ಸುರಿಯುವ ತಲೆಯನ್ನು ಇಟ್ಟವನು ಆಮೇಲೆ ಎಷ್ಟು ದೊಡ್ಡ ಬೆಂಕಿಗೆ ಹಾರಿದರೂ ಅದು ಅವಳಿಗೆ ಕೊಟ್ಟದ್ದಾಗುವುದಿಲ್ಲ. ಈ ಸಭೆಯಲ್ಲಿ ಹರೆಯದ ಹುಡುಗರು ಬಹಳ ಮಂದಿ ಇದ್ದೀರಿ, ಆದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಪ್ರೀತಿಯನ್ನೂ ರಕ್ತವನ್ನೂ ಬೆರೆಸಿದ ತಪ್ಪು ಕವಿಗಳದ್ದು ಮಾತ್ರವಲ್ಲ, ವೈದ್ಯರದ್ದೂ ಹೌದು. ನಮ್ಮಲ್ಲಿ ರಕ್ತಹೀನತೆಗೆ ಪಾಂಡುರೋಗ ಎಂಬ ಹೆಸರಿದೆ, ಪಾಂಡು ಎಂದರೆ ಬಿಳಿಚಿದ್ದು. ಬಿಳಿಚಿಕೊಂಡೇ ಹುಟ್ಟಿದ ಪಾಂಡುರಾಜನಿಗೆ ಹೆಣ್ಣನ್ನು ಕೂಡಿದರೆ ಸಾವು ಎಂಬ ಶಾಪವಿತ್ತು. ವಸಂತದ ಕಾಡಿನಲ್ಲಿ ಮಾದ್ರಿಯನ್ನು ಕಂಡು ತಡೆಯಲಾರದೆ ಅಪ್ಪಿ ಸತ್ತ. ಪಂಪ ಆ ಸಾವನ್ನು ವಸಂತದ ಸಡಗರದ ನಡುವೆಯೇ ತಂದು ನಿಲ್ಲಿಸುತ್ತಾನೆ. ಆದರೆ ಚರಕ ಸಂಹಿತೆ ಪಾಂಡುರೋಗವನ್ನು ಶಾಪಕ್ಕೂ ಕಾಮಕ್ಕೂ ಒಪ್ಪಿಸಿ ಕೈ ತೊಳೆದುಕೊಳ್ಳಲಿಲ್ಲ. ಐದು ಬಗೆಯ ಪಾಂಡುರೋಗ ಹೇಳಿ, ಐದನೆಯದು ಮಣ್ಣು ತಿನ್ನುವುದರಿಂದ ಬರುತ್ತದೆ ಎಂದಿತು, ಕಬ್ಬಿಣ ಸೇರಿದ ಔಷಧಗಳನ್ನು ಹೇಳಿತು. ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನಬೇಕೆಂಬ ತಡೆಯಲಾರದ ಬಯಕೆ ಕಬ್ಬಿಣದ ಕೊರತೆಯೊಂದಿಗೆ ಇರುತ್ತದೆ ಎಂಬುದನ್ನು ಇಂದೂ ನಮ್ಮ ಓಪಿಡಿಯಲ್ಲಿ ದಿನಾ ನೋಡುತ್ತೇವೆ. ಗೀಳು ಎಂದರೆ ಏನೆಂದು ತಿಳಿಯಬೇಕಾದರೆ ಗೋಡೆಯ ಮಣ್ಣನ್ನು ಕದ್ದು ತಿನ್ನುವ ಗರ್ಭಿಣಿಯನ್ನು ಕೇಳಬೇಕು. ಬೇಡವೆಂದು ಆಕೆಗೂ ಗೊತ್ತಿದೆ. ಕಬ್ಬಿಣ ಕೊಟ್ಟರೆ ಆ ಬಯಕೆ ಇಳಿದುಹೋಗುತ್ತದೆ.

ಯುರೋಪಿನ ವೈದ್ಯರು ಇದೇ ಬಿಳಿಚಿದ ಹುಡುಗಿಯರನ್ನು ನೋಡಿ ಬೇರೆ ತೀರ್ಮಾನಕ್ಕೆ ಬಂದರು. 1554ರಲ್ಲಿ ಯೊಹಾನೆಸ್ ಲಾಂಗೆ ಇದನ್ನು ಕನ್ಯೆಯರ ರೋಗ ಎಂದು ಕರೆದು, ಮದುವೆ ಮಾಡಿ ಎಂಬ ಮದ್ದು ಹೇಳಿದ. ಇದಕ್ಕೆ ಪ್ರೇಮಜ್ವರ ಎಂಬ ಹೆಸರೂ ಇತ್ತು. ಮೈಯಲ್ಲಿ ಕಬ್ಬಿಣವಿಲ್ಲದ ಹುಡುಗಿಗೆ ಪ್ರೀತಿಯ ಕಾಯಿಲೆ ಎಂದರು! 1681ರಲ್ಲಿ ಥಾಮಸ್ ಸಿಡೆನ್‌ಹ್ಯಾಮ್ ಇದೇ ಕಾಯಿಲೆಗೆ ಕಬ್ಬಿಣವನ್ನು ಸೂಚಿಸಿದ ಮೇಲೂ ಹಳೆಯ ನಂಬಿಕೆ ಬಹುಕಾಲ ಉಳಿಯಿತು. ನಮ್ಮ ಹಳ್ಳಿಗಳಲ್ಲಿ ಮುಟ್ಟಿನ ಸಮಯದಲ್ಲಿ ಹತ್ತು ದಿನ ರಕ್ತ ಹೋಗುವ ಹುಡುಗಿಗೆ "ಮದುವೆಯಾದರೆ ಎಲ್ಲ ಸರಿಹೋಗುತ್ತದೆ" ಎನ್ನುವುದನ್ನು ಈ ವರ್ಷವೂ ಕೇಳಿದ್ದೇನೆ. ಫಿನ್‌ಲ್ಯಾಂಡಿಗೆ ಸೇರಿದ ಓಲಂಡ್ ದ್ವೀಪಗಳ ಯೋರ್ಡಿಸ್ ಎಂಬ ಐದು ವರ್ಷದ ಬಾಲಕಿಯನ್ನು 1924ರಲ್ಲಿ ಎರಿಕ್ ಫಾನ್ ವಿಲ್ಲೆಬ್ರಾಂಡ್ ಎಂಬ ವೈದ್ಯರ ಬಳಿಗೆ ತಂದರು. ಅವಳ ಮನೆಯಲ್ಲಿ ಹೆಣ್ಣುಮಕ್ಕಳೂ ರಕ್ತಸ್ರಾವದಿಂದ ಸಾಯುತ್ತಿದ್ದರು. ಇದು ಗಂಡುಮಕ್ಕಳ ಹಿಮೋಫಿಲಿಯಾ ಅಲ್ಲ ಎಂದು ಅವರು 1926ರಲ್ಲಿ ಬರೆದರು. ಈಗ ಅವರ ಹೆಸರಿನಲ್ಲಿರುವ ಆ ಕಾಯಿಲೆಯಲ್ಲಿ ಕೊರತೆ ಇರುವ ಪ್ರೋಟೀನು, ನಮ್ಮ ಎಂಟನೆಯ ದೂತಿಯನ್ನು ರಕ್ತದಲ್ಲಿ ಕಾಪಾಡಿಕೊಂಡು ತಿರುಗುವ ಪ್ರೋಟೀನು. ಯೋರ್ಡಿಸ್ ತನ್ನ ನಾಲ್ಕನೆಯ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ಸಂಸ್ಕೃತದಲ್ಲಿ ಪುಷ್ಪ, ಕುಸುಮ ಎಂಬ ಪದಗಳಿಗೆ ಮುಟ್ಟು ಎಂಬ ಅರ್ಥವೂ ಇದೆ. ಮಗಳ ಮುಟ್ಟು ವಾರ ಮೀರಿದರೆ, ದೊಡ್ಡ ದೊಡ್ಡ ಗಡ್ಡೆಗಳಾಗಿ ಹೋದರೆ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದಿದ್ದರೆ, ದಯವಿಟ್ಟು ಪರೀಕ್ಷೆ ಮಾಡಿಸಿ. ಸೋದರ ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಅಪರೂಪದ ಬೇರೆ ರಕ್ತಸ್ರಾವದ ಕಾಯಿಲೆಗಳೂ ಕಾಣಿಸಿಕೊಳ್ಳುತ್ತವೆ. ರಕ್ತ ನಿಲ್ಲಿಸಲು ನೆರವಾಗುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳ ಎಣಿಕೆ ಸರಿಯಾಗಿದ್ದು ಅವು ಒಂದಕ್ಕೊಂದು ಅಂಟಿಕೊಳ್ಳದ ಗ್ಲಾನ್ಸ್‌ಮನ್ ಕಾಯಿಲೆ ಅಂಥದ್ದು.

ಇನ್ನು ಇಂಗ್ಲಿಷ್ ಕವಿ ಜಾನ್ ಕೀಟ್ಸ್. ಅವನು ನಮ್ಮ ವೃತ್ತಿಯವನೂ ಹೌದು ಎಂದು ವೈದ್ಯ ವಿದ್ಯಾರ್ಥಿಗಳಿಗೆ ನೆನಪಿಸಲು ನನಗೆ ಇಷ್ಟ. 1815ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಗೆ ವಿದ್ಯಾರ್ಥಿಯಾಗಿ ಸೇರಿದ, ಶಸ್ತ್ರಚಿಕಿತ್ಸಕರಿಗೆ ಗಾಯ ಕಟ್ಟುವ ಸಹಾಯಕನಾಗಿದ್ದ, ಮರುವರ್ಷ ಪರವಾನಗಿ ಪಡೆದ, ಆಮೇಲೆ ಕಾವ್ಯಕ್ಕಾಗಿ ವೈದ್ಯವನ್ನು ಬಿಟ್ಟ. ಫ್ಯಾನಿ ಬ್ರಾನ್ ಎಂಬ ನೆರೆಮನೆಯ ಹುಡುಗಿಯ ಮೇಲೆ ಅವನಿಗಿದ್ದ ಪ್ರೀತಿ ಅವನನ್ನೇ ಹಿಂಡುವಂಥದ್ದು. 1819ರ ಸುಮಾರಿಗೆ ಅವನು ಗೀಚಿಟ್ಟ ಕೆಲವೇ ಸಾಲುಗಳ ಒಂದು ತುಣುಕಿದೆ. ಬೆಚ್ಚಗಿರುವ ಈ ನನ್ನ ಕೈ ನಾಳೆ ಗೋರಿಯಲ್ಲಿ ತಣ್ಣಗಾದರೆ, ಅದು ನಿನ್ನ ಹಗಲುಗಳನ್ನು ಕಾಡುತ್ತದೆ, ನಿನ್ನ ಕನಸುಗಳನ್ನು ನಡುಗಿಸುತ್ತದೆ. ಎಷ್ಟೆಂದರೆ ನಿನ್ನ ಎದೆಯ ರಕ್ತವೆಲ್ಲ ಬತ್ತಿಹೋಗಲಿ, ನನ್ನ ನಾಳಗಳಲ್ಲಿ ಕೆಂಪು ಜೀವ ಮತ್ತೆ ಹರಿಯಲಿ ಎಂದು ನೀನೇ ಬಯಸುವೆ ಎನ್ನುತ್ತಾನೆ. ನೋಡು, ಕೈ ಚಾಚಿದ್ದೇನೆ ಎಂದು ನಿಲ್ಲಿಸುತ್ತಾನೆ.

ಒಬ್ಬರ ರಕ್ತ ಇನ್ನೊಬ್ಬರ ನಾಳಕ್ಕೆ! ಈ ಸಾಲುಗಳಿಗೆ ಸುಮಾರು ಒಂದು ವರ್ಷ ಮೊದಲು, 1818ರ ಡಿಸೆಂಬರಿನಲ್ಲಿ, ಕೀಟ್ಸ್ ಕಲಿತ ಅದೇ ಗೈಸ್ ಆಸ್ಪತ್ರೆಯಲ್ಲಿ ಜೇಮ್ಸ್ ಬ್ಲಂಡೆಲ್ ಎಂಬ ವೈದ್ಯ ಮನುಷ್ಯನ ರಕ್ತವನ್ನು ಸಿರಿಂಜಿನ ಮೂಲಕ ಇನ್ನೊಬ್ಬ ಮನುಷ್ಯನಿಗೆ ಕೊಟ್ಟಿದ್ದ. ರೋಗಿ ಎರಡು ದಿನ ಚೇತರಿಸಿಕೊಂಡಂತೆ ಕಂಡು ಸತ್ತ. ಬ್ಲಂಡೆಲ್‌ನನ್ನು ಈ ಕೆಲಸಕ್ಕೆ ಹಚ್ಚಿದ್ದು ಹೆರಿಗೆಯಲ್ಲಿ ರಕ್ತ ಸುರಿದು ಸಾಯುತ್ತಿದ್ದ ತಾಯಂದಿರ ದೃಶ್ಯ. 1840ರಲ್ಲಿ ಸ್ಯಾಮ್ಯುಯೆಲ್ ಲೇನ್ ಎಂಬ ಶಸ್ತ್ರಚಿಕಿತ್ಸಕ, ಬ್ಲಂಡೆಲ್‌ನ ಸಲಹೆ ಪಡೆದು, ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಯ ನಂತರ ರಕ್ತ ನಿಲ್ಲದೆ ಸಾಯುವ ಸ್ಥಿತಿಗೆ ಬಂದಿದ್ದ 11 ವರ್ಷದ ಹುಡುಗನಿಗೆ ಆರೋಗ್ಯವಂತ ಯುವತಿಯೊಬ್ಬಳ ರಕ್ತ ಕೊಟ್ಟ. ಹುಡುಗನಿಗೆ ಇದ್ದದ್ದು ಕುಸುಮ ರೋಗ. ಅವನು ಬದುಕಿದ. ಕೀಟ್ಸ್ ಬರೆದ ಸಾಲು ಹಾಗೆ ಒಂದು ಆಸ್ಪತ್ರೆಯ ಹಾಸಿಗೆಯ ಮೇಲೆ ನಿಜವಾಯಿತು. ಯುವತಿ ಕೈ ಚಾಚಿದಳು, ರಕ್ತ ಹರಿಯಿತು, ಯಾರೂ ಯಾರನ್ನೂ ಕಾಡಲಿಲ್ಲ. ಕೀಟ್ಸ್‌ನ ಕವಿತೆ ನನಗೆ ಬಹಳ ಇಷ್ಟ, ಆದರೂ ಅದರ ಮಾತು ಚಂಡಶಾಸನನ ಮಾತಿಗೆ ಹತ್ತಿರದ್ದು ಎಂಬುದನ್ನು ಮುಚ್ಚಿಡಲಾರೆ. ಅವನು 25ನೆಯ ವಯಸ್ಸಿನಲ್ಲಿ ಕ್ಷಯದಿಂದ ಸತ್ತ. ತನ್ನ ಹಾಸಿಗೆಯ ಬಟ್ಟೆಯ ಮೇಲೆ ಬಿದ್ದ ಮೊದಲ ರಕ್ತದ ಹನಿಯ ಬಣ್ಣವನ್ನು ಮೋಂಬತ್ತಿಯ ಬೆಳಕಿನಲ್ಲಿ ನೋಡಿ ಅರ್ಥ ಮಾಡಿಕೊಂಡ ವೈದ್ಯ ಅವನು. ಆ ಭಯದಲ್ಲಿ ಬರೆದ ಪತ್ರಗಳನ್ನು ಅಳೆಯುವ ಹಕ್ಕು ನನಗಿಲ್ಲ.

ನೀನಲ್ಲದೆ ಬೇರೆ ಯಾರೂ ಬೇಡ ಎನ್ನುವ ರಕ್ತವೂ ಇದೆ. 1952ರಲ್ಲಿ ಮುಂಬೈನಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ ಬಾಂಬೆ ರಕ್ತದ ಗುಂಪು. ಕಾಯಿಲೆಯಲ್ಲ, ವಿರಳವಾದ ಹುಟ್ಟು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ. ಎ ಮತ್ತು ಬಿ ಗುರುತುಗಳು ಕೂರಬೇಕಾದ ಎಚ್ ಎಂಬ ಅಡಿಪಾಯವೇ ಇವರ ರಕ್ತಕಣಗಳ ಮೇಲೆ ಇರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಓ ಗುಂಪಿನಂತೆಯೇ ಕಾಣುತ್ತಾರೆ. ಓ ಎಂದು ನಂಬಿ ಓ ರಕ್ತ ಕೊಟ್ಟರೆ ಇವರ ದೇಹ ಅದನ್ನು ಒಡೆದುಹಾಕುತ್ತದೆ. ಇವರ ಕೆಂಪುಕಣಗಳನ್ನು ಬೇರೆ ಗುಂಪಿನವರಿಗೂ ಕೊಡಬಹುದು, ಇವರು ಪಡೆಯಬೇಕಾದದ್ದು ಮಾತ್ರ ಬಾಂಬೆ ಗುಂಪಿನವರಿಂದಲೇ. ಅಂಥವರೊಬ್ಬರಿಗಾಗಿ ರಾತ್ರಿಯಿಡೀ ಬೇರೆ ಬೇರೆ ಜಿಲ್ಲೆಗಳಿಗೆ ಫೋನು ಮಾಡುತ್ತಾ ಕುಳಿತ ಅನುಭವ ನನಗಿದೆ. ಬೆಳಗಿನ ಜಾವ ಒಬ್ಬ ಅಪರಿಚಿತ ಬಸ್ಸಿಳಿದು ಬಂದು ತೋಳು ಚಾಚಿದ, ಟೀ ಕುಡಿದು ಮುಂದಿನ ಬಸ್ಸಿಗೇ ಹೊರಟುಹೋದ.

ಕೊನೆಯದಾಗಿ ಅಕ್ಕಮಹಾದೇವಿಯ ಹತ್ತಿರ ಬರುತ್ತೇನೆ. ಅವಳ ಉಡುತಡಿ ನಮ್ಮ ನ್ಯಾಮತಿಯ ಆಚೆಗಿನ ಶಿಕಾರಿಪುರದ ಸೀಮೆಯದು, ದೂರದವಳೇನಲ್ಲ. ಒಬ್ಬನನ್ನೇ, ಅದೂ ಕಣ್ಣಿಗೆ ಕಾಣದವನನ್ನು, ಹೀಗೆ ಬಿಡದೆ ಪ್ರೀತಿಸಿದವರು ಕನ್ನಡದಲ್ಲಿ ಇನ್ನೊಬ್ಬರಿಲ್ಲ. ಗಿಳಿಯನ್ನು ಕೇಳುತ್ತಾಳೆ, ಕೋಗಿಲೆಯನ್ನು ಕೇಳುತ್ತಾಳೆ, ಬೆಳುದಿಂಗಳನ್ನು ಕೇಳುತ್ತಾಳೆ, ಅವನನ್ನು ಕಂಡಿರಾ ಎಂದು. ಅಲಂಕಾರ ಶಾಸ್ತ್ರದ ಪಟ್ಟಿ ಹಿಡಿದು ನೋಡಿದರೆ ಅವಳಲ್ಲಿ ಪ್ರಲಾಪವೂ ಇದೆ, ಉನ್ಮಾದವೂ ಇದೆ. ಹಾಗಾದರೆ ಅವಳೂ ಅಮೃತಮತಿಯ ಅಕ್ಕನೇ? ಬಹಳ ಕಾಲ ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಒಂದು ವಚನದ ಒಂದು ಕ್ರಿಯಾಪದ ನನಗೆ ಉತ್ತರ ಕೊಟ್ಟಿತು.

"ಅಯ್ಯಾ, ನೀನು ಕೇಳಿದಡೆ ಕೇಳು, ಕೇಳದಡೆ ಮಾಣು, ಆನು ನಿನ್ನ ಹಾಡಿದಲ್ಲದೆ ಸೈರಿಸಲಾರೆನಯ್ಯಾ."

ಮಾಣು. ಹಳಗನ್ನಡದ ಮಾಣ್ ಎಂದರೆ ನಿಲ್ಲು, ಬಿಡು, ಸುಮ್ಮನಾಗು. ಮಾಣದೆ ಎಂದರೆ ಬಿಡದೆ. ಚಿತ್ರದುರ್ಗದ ಗಡಿ ದಾಟಿದರೆ ಸಿಗುವ ತೆಲುಗಿನಲ್ಲಿ ಇದರ ಒಡಹುಟ್ಟು ಮಾನು. ಅಲ್ಲಿ ಚಟ ಬಿಡುವುದಕ್ಕೂ ಅದೇ ಮಾತು, ಗಾಯ ವಾಸಿಯಾಗುವುದಕ್ಕೂ ಅದೇ ಮಾತು. ಆ ಕಡೆಯಿಂದ ಬರುವ ತೆಲುಗು ಮಾತಿನ ರೋಗಿಯೊಬ್ಬರು ಮಗನ ಗಾಯ "ಮಾನಿತು" ಎಂದಾಗ ನನಗೆ ಈ ವಚನ ಹೊಳೆಯಿತು. ಅಕ್ಕ ತನ್ನ ಹಾಡನ್ನು ನಿಲ್ಲಿಸುವುದಿಲ್ಲ, ನಿಲ್ಲಿಸಲಾರೆ ಎಂದು ಒಪ್ಪಿಕೊಳ್ಳುತ್ತಾಳೆ. ಆದರೆ ಕೇಳದಿರುವ ಸ್ವಾತಂತ್ರ್ಯವನ್ನು ಅವನಿಗೆ ಮೊದಲೇ ಕೊಟ್ಟುಬಿಡುತ್ತಾಳೆ. ಚಂಡಶಾಸನ ಸುನಂದೆಗೆ ಒಮ್ಮೆಯೂ ಹೇಳದ ಮಾತು ಅದು. ಅಕ್ಕನ ಕಥೆಯಲ್ಲೇ ಬರುವ, ಅವಳನ್ನು ಬಯಸಿದ ರಾಜ ಕೌಶಿಕನೂ ಹೇಳದ ಮಾತು. ಅವಳ ಒಲವಿನ ರಕ್ತ ಎಲ್ಲಿ ಹೆಪ್ಪುಗಟ್ಟುತ್ತದೆ ಎಂದು ನೀವು ಕೇಳಿದರೆ, ಆ ಎರಡಕ್ಷರದ ಮೇಲೆ ಬೆರಳಿಟ್ಟು ತೋರಿಸುತ್ತೇನೆ.

ಸಭೆ ಮುಗಿದ ಮೇಲೆ ಒಬ್ಬ ತರುಣ ಬಂದು ನಿಂತ. ಇಪ್ಪತ್ತೈದರ ಆಸುಪಾಸು, ಎಡ ಮೊಣಕಾಲು ಪೂರ್ತಿ ಮಡಚುವುದಿಲ್ಲ, ನೋಡಿದೊಡನೆ ತಿಳಿಯಿತು. ತನಗೆ ಹಿಮೋಫಿಲಿಯಾ ಎ ಇದೆ, ಮಕ್ಕಳಿಗೆ ಏನಾಗುತ್ತದೆ ಎಂದು ಕೇಳಿದ. ನೀನು ಮದುವೆಯಾಗುವ ಹುಡುಗಿಯ ವಂಶವಾಹಿಯಲ್ಲಿ ಈ ದೋಷವಿಲ್ಲದಿದ್ದರೆ ಗಂಡುಮಕ್ಕಳಿಗೆ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರೂ ವಾಹಕರಾಗುತ್ತಾರೆ, ಅವರಲ್ಲಿ ಕೆಲವರಿಗೆ ರಕ್ತಸ್ರಾವದ ತೊಂದರೆಯೂ ಇರಬಹುದು, ಮೊದಲೇ ಸಲಹೆ ಪಡೆಯಬೇಕು ಎಂದೆ. ಚೀಟಿಯ ಹಿಂದೆ ಎಕ್ಸ್, ವೈ ವರ್ಣತಂತುಗಳನ್ನು ಬರೆದು ತೋರಿಸಿದೆ. ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

"ಅವಳಿಗೆ ಹೇಳಿದ್ದೀಯಾ?" ಎಂದು ಕೇಳಿದೆ.

"ಹೇಳಿದ್ದೇನೆ ಸರ್. ಬೇಡವೆನಿಸಿದರೆ ಬೇಡ ಎನ್ನು ಅಂತಲೂ ಹೇಳಿದ್ದೇನೆ. ಇನ್ನೂ ಉತ್ತರ ಕೊಟ್ಟಿಲ್ಲ" ಎಂದ. ಆಮೇಲೆ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು, ಎಡಗಾಲನ್ನು ಎಚ್ಚರಿಕೆಯಿಂದ ಊರುತ್ತಾ, ಮೆಟ್ಟಿಲು ಇಳಿದುಹೋದ.